ಕಾಣೆಯಾದವರ ಸದಸ್ಯೆ

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದಾಗ ಒಂದು ಪಾಠದ ಮೇಲೆ ನನಗೆ ವಿಶೇಷ ಮಮಕಾರವಿತ್ತು. ಸಂಸತ್ತಿನಲ್ಲಿ ಎಲ್ಲ ಸದಸ್ಯರಿಗೂ ಎಲ್ಲ ವಿಷಯ ತಿಳಿದಿರಲು ಸಾಧ್ಯವಿಲ್ಲ. ಆದ್ದರಿಂದ ಒಬ್ಬೊಬ್ಬರು ಒಂದೊಂದನ್ನು ಹಿಡಿದು ಅದರಲ್ಲೇ ಪಳಗುತ್ತಾರೆ. ಆ ವಿಷಯ ಬಂದಾಗ ಉಳಿದವರು ಅವರ ಮುಖ ನೋಡಿ ಕೈ ಎತ್ತುತ್ತಾರೆ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಎಂದು ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ಆಕಳಿಸಿದವರೇ ಬುದ್ಧಿವಂತರು ಎಂದು ಈಗ ಅನಿಸುತ್ತದೆ.

ಪ್ರಾಂಶುಪಾಲರೊಡನೆ ಜಗಳವಾಡಿ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದ ಕಾಲಕ್ಕೆ ಮಣಿಪಾಲದಲ್ಲಿದ್ದ ಒಬ್ಬ ರಾಜ್ಯಸಭಾ ಸದಸ್ಯೆ ನನ್ನನ್ನು ಕರೆಸಿಕೊಂಡರು. ಸದನದಲ್ಲಿ ಕೇಳುವ ಪ್ರಶ್ನೆಗಳನ್ನು ಬರೆದುಕೊಡಲು ಅವರಿಗೆ ಒಬ್ಬರು ಬೇಕಾಗಿತ್ತು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಎಂದೆ. ಹುಟ್ಟಿ ಬೆಳೆದದ್ದು ಘಟ್ಟದ ಮೇಲೆ, ಗಂಡ ಇಲ್ಲಿ ಡಾಕ್ಟರ್ ಆಗಿದ್ದರಿಂದ ಮಣಿಪಾಲಕ್ಕೆ ಬಂದವರು. ಎಷ್ಟು ವರ್ಷ ಕಳೆದರೂ ತುಳು ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ಅವರ ಮುಂದೆ ಎಲ್ಲರೂ ಜಾಗ್ರತೆಯ ಕನ್ನಡ ಮಾತಾಡುತ್ತಿದ್ದರು. ಮೀನಿನ ವಾಸನೆ ಬಂದರೆ ಸೆರಗು ಮೂಗಿಗೆ ಹೋಗುತ್ತಿತ್ತು. ಅಂಥವರಿಗೆ ಪಕ್ಷ ವಹಿಸಿದ್ದು ಮೀನುಗಾರಿಕೆ.

"ಮನೆ ಕಡಲಿನ ಹತ್ತಿರ ಉಂಟಲ್ಲ, ಅದಕ್ಕೇ ಕೊಟ್ಟರಂತೆ," ಎಂದು ಅವರೇ ನಗುತ್ತಿದ್ದರು. ಊರಿನ ಮಾತಿನಲ್ಲಿ ಅವರಿಗೆ ಬರುತ್ತಿದ್ದದ್ದು ಆ "ಉಂಟು" ಒಂದೇ.

ಹೊಸ ಸದಸ್ಯರಿಗೆ ವಿಷಯ ಹಂಚುವುದೆಂದರೆ ಮದುವೆ ಮನೆಯಲ್ಲಿ ಬಡಿಸುವವರಿಗೆ ಪಾತ್ರೆ ಹಂಚಿದ ಹಾಗೆ. ಪಾಯಸ ಸಿಕ್ಕವನು ಎಲ್ಲರಿಗೂ ಬೇಕಾದವನು, ಉಪ್ಪು ಸಿಕ್ಕವನನ್ನು ಯಾರೂ ನೋಡುವುದಿಲ್ಲ. ಮೇಡಂ ಮಾತ್ರ ತಮ್ಮ ಪಾಲಿಗೆ ಬಂದ ಪಾತ್ರೆಯನ್ನು ಕೆಳಗಿಡಲಿಲ್ಲ. ಮೀನುಗಾರಿಕೆಯಲ್ಲಿ ಡೀಸೆಲ್, ಬಂದರು, ಬಲೆ ಎಂದು ನೂರು ತಲೆನೋವುಗಳಿವೆ. ಅವರು ಅದರೊಳಗೆ ಇನ್ನೊಂದು ಸಣ್ಣ ಮೂಲೆಯನ್ನು ಆರಿಸಿಕೊಂಡರು. ಕಡಲಿಗೆ ಹೋಗಿ ಕಾಣೆಯಾದವರು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಕಾನೂನು ಒಬ್ಬ ಮನುಷ್ಯನನ್ನು ಸತ್ತವನೆಂದು ಭಾವಿಸುತ್ತದೆ. ಅಲ್ಲಿಯವರೆಗೆ ಹೆಂಡತಿ ವಿಧವೆಯಲ್ಲ, ಪರಿಹಾರವೂ ಸುಲಭವಾಗಿ ಕೈಗೆ ಬರುವುದಿಲ್ಲ. ಕಡಲಲ್ಲಿ ಬಿದ್ದವನಿಗೆ ಒಂದೇ ವರ್ಷ ಸಾಕು ಎಂದು ಮೇಡಂ ಒಂದು ಖಾಸಗಿ ಮಸೂದೆ ತಂದರು. ಕರಡಿನಲ್ಲಿ ನನ್ನ ಬೆವರೂ ಇದೆ.

ನೋಡನೋಡುತ್ತಿದ್ದಂತೆ ಅವರು ಆ ವಿಷಯದ ಕೊನೆಯ ಮಾತಾದರು. ನೀರಿನ ಹರಿವು, ಗಾಳಿಯ ತಿಂಗಳು, ದೇಹ ಎಷ್ಟು ಹೊತ್ತು ತಡೆದೀತು ಎಂಬ ಲೆಕ್ಕ ಎಲ್ಲವೂ ಬಾಯಿಪಾಠ. ಬೇರೆ ಪಕ್ಷದ ಸದಸ್ಯರೂ ಮೊಗಸಾಲೆಯಲ್ಲಿ ನಿಲ್ಲಿಸಿ, "ಇದರಲ್ಲಿ ನೀವು ಹೇಳಿದ ಹಾಗೆ," ಎನ್ನುತ್ತಿದ್ದರಂತೆ. ನನ್ನ ಪಾಠ ನಿಜವಾಗಿ ಕಣ್ಣೆದುರು ನಡೆಯುತ್ತಿತ್ತು. ನಾನು ಹಿಗ್ಗಿದ್ದೆ.

ಉಡುಪಿಯ ಬಸ್ ನಿಲ್ದಾಣದ ಹತ್ತಿರ, ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿಯಿತ್ತು. ಕೆಳಗಿನಿಂದ ಸಾಂಬಾರಿನ ಪರಿಮಳವೂ ಕಂಡಕ್ಟರುಗಳ ಕೂಗೂ ಒಟ್ಟಿಗೆ ಮೇಲೆ ಬರುತ್ತಿದ್ದವು. ಬೇರೆ ಜನಪ್ರತಿನಿಧಿಗಳ ಕಚೇರಿಗೆ ರಸ್ತೆ, ವರ್ಗಾವಣೆ, ರೈಲು ನಿಲುಗಡೆ ಎಂದು ಜನ ಬರುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದವರು ಬೇರೆ. ಅವರು ಗಲಾಟೆ ಮಾಡುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು "ಅವನಿಗೆ ಬಸಳೆ ಆಗುವುದಿಲ್ಲ", "ಅವನದ್ದು ನಿದ್ರೆ ಗಟ್ಟಿ" ಎಂದು ಹೇಳುತ್ತಿದ್ದರು. ಆಗುತ್ತಿರಲಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಒಬ್ಬ ಮುದುಕರು ಒಳಗೆ ಬಂದರೆ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಯಾಕೆ ಎಂದರೆ, "ಹಿಂದೆ ಮಗ ಬರ್ತಾ ಇದ್ದಾನೆ" ಎನ್ನುತ್ತಿದ್ದರು. ಮೊದಮೊದಲು ನಾನು ಗದರಿ ಹಾಕುತ್ತಿದ್ದೆ, ಸೊಳ್ಳೆ ಬರುತ್ತದೆಂದು. ಆಮೇಲೆ ನಾನೂ ಬಾಗಿಲ ಕಡೆಗೆ ನೋಡಲು ಶುರುಮಾಡಿದೆ.

ಮಣಿಪಾಲದ ಮನೆಗೆ ಸಂಜೆ ಹೊತ್ತು ಫೋನುಗಳು ಬರುತ್ತಿದ್ದವು. ಬೇರೆ ಕರಾವಳಿಗಳಿಂದ ಇರಬೇಕು, ಮೇಡಂ ಹೆಸರು ಪೇಪರಿನಲ್ಲಿ ನೋಡಿದವರು. ಭಾಷೆ ಬಾರದೆ ಸುಮ್ಮನಾಗುತ್ತಿದ್ದರು. ಗಾಳಿಯ ಸದ್ದು ಮಾತ್ರ. ಬೇರೆಯವರಾದರೆ ಇಟ್ಟುಬಿಡುತ್ತಿದ್ದರು. ಮೇಡಂ ಇಡುತ್ತಿರಲಿಲ್ಲ. ಆ ಮೌನಕ್ಕೆ ಮೆಲ್ಲನೆ, "ಹುಡುಕುತ್ತಿದ್ದೇವೆ, ಅಪ್ಪಾ, ಹುಡುಕುತ್ತಿದ್ದೇವೆ," ಎನ್ನುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ, "ಹುಡುಕುವವರಿಗೆ ಹೇಳುತ್ತೀರಾ, ಕಾಣೆಯಾದವರಿಗೆ ಹೇಳುತ್ತೀರಾ?" ಎಂದು ಕೇಳಿದೆ. ಅವರು ನಗಲಿಲ್ಲ.

ಉಚ್ಚಿಲದಿಂದ ಒಬ್ಬ ತಾಯಿ ಬಂದದ್ದು ಈ ದಿನಗಳಲ್ಲೇ. ಅವರ ಮಗ ಆಳಸಮುದ್ರದ ಬೋಟಿನಲ್ಲಿ ಉತ್ತರದ ಕಡೆ ಹೋಗಿದ್ದ. ಗಾಳಿ ಎದ್ದ ಒಂದು ಬೆಳಿಗ್ಗೆ ಬೋಟಿನ ಅಂಚಿನಿಂದ ಬಿದ್ದ. ಜೊತೆಯವರು ಸುತ್ತಿ ಸುತ್ತಿ ಹುಡುಕಿ ಬರಿಗೈಲಿ ಬಂದರು. ಎಲ್ಲ ತಾಯಂದಿರ ಹಾಗೆ ಇವರೂ ಕಾದರು. ಆದರೆ ವರ್ಷ ದಾಟಿದ ಮೇಲೆ ಇವರಿಗೆ ಬೇಕಾದದ್ದು ಪರಿಹಾರವಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಕುಲೆ ಎನ್ನುತ್ತಾರೆ. ಮದುವೆಯಾಗದೆ ಹೋದ ಕುಲೆಗೆ ನೆಲೆ ಇರುವುದಿಲ್ಲ, ಮನೆಯವರ ಕನಸಿಗೆ ಬರುತ್ತದೆ, ಉಳಿದವರ ಮದುವೆಗೆ ಅಡ್ಡ ನಿಲ್ಲುತ್ತದೆ ಎಂಬ ನಂಬಿಕೆ. ಅದಕ್ಕೆ ಅದೇ ರೀತಿ ತೀರಿಕೊಂಡ ಒಂದು ಹುಡುಗಿಯನ್ನು ಹುಡುಕಿ, ಬಳಿ ಅಂದರೆ ಕುಲ ಬೇರೆ ಎಂದು ನೋಡಿ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ತಮಾಷೆಯಲ್ಲ. ನಿಶ್ಚಿತಾರ್ಥ, ಸೀರೆ, ಕರಿಮಣಿ, ಧಾರೆ, ಊಟ, ಎಲ್ಲ ಇದೆ. ಆ ತಾಯಿಗೆ ಮಗ ದಿನವೂ ಒದ್ದೆ ಬಟ್ಟೆಯಲ್ಲಿ ಹೊಸ್ತಿಲ ಹೊರಗೆ ನಿಂತದ್ದು ಕಾಣುತ್ತಿತ್ತಂತೆ. ಮಗಳಿಗೆ ಬಂದ ಸಂಬಂಧಗಳೆಲ್ಲ ಮುರಿಯುತ್ತಿದ್ದವು. ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಜ್ವರದಿಂದ ತೀರಿಹೋದ ಹುಡುಗಿ ಇದ್ದಳು. ಅವಳ ತಾಯಿಯೂ ಗಂಡಿಗಾಗಿ ಹುಡುಕುತ್ತಿದ್ದರು. ಎಲ್ಲ ಕೂಡಿಬಂದಿತ್ತು. ಒಂದೇ ತೊಡಕು: ಹೆಣ ಸಿಕ್ಕದವನನ್ನು ಸತ್ತವನೆಂದು ಹೇಳುವವರು ಯಾರು?

ಸಮುದಾಯದ ಹಿರಿಯರಾದ ಗುರಿಕಾರರು ಸುತರಾಂ ಒಪ್ಪಲಿಲ್ಲ. ಗೊತ್ತಿರುವವರೊಬ್ಬರು ಬಾಯಿಬಿಟ್ಟು ಹೇಳಬೇಕು ಎಂದರು. ಗೊತ್ತಿರುವವರು ಯಾರು? ಕಡಲಲ್ಲಿ ಕಾಣೆಯಾದವರ ವಿಷಯದಲ್ಲಿ ಡೆಲ್ಲಿಯೇ ತಲೆಬಾಗುವ ಹೆಂಗಸು ಮಣಿಪಾಲದಲ್ಲಿ ಕುಳಿತಿರುವಾಗ!

ಒಂದು ಬೆಳಿಗ್ಗೆ ಎರಡೂ ಕಡೆಯವರು, ಗುರಿಕಾರರು, ಎಲ್ಲರೂ ಕಚೇರಿಗೆ ಬಂದರು. ಬರಿಗೈಲಿ ಬರಬಾರದೆಂದು ಒಂದು ಚೀಲ ಮಟ್ಟುಗುಳ್ಳ ಬದನೆ ತಂದಿದ್ದರು. ವಿಷಯ ತಿಳಿದದ್ದೇ ನಾನು ಮೇಡಂ ಅವರನ್ನು ಒಳಗೆ ಕರೆದೆ.

"ನೀವು ಎಂತ ಹೇಳಿದರೂ ಇವರು ಅದನ್ನು ಅಭಿಪ್ರಾಯ ಅಂತ ತಗೊಳ್ಳುವುದಿಲ್ಲ ಮೇಡಂ. ಇಲ್ಲಿ ಮಾತು ಕೊಟ್ಟರೆ ಕೊಟ್ಟ ಹಾಗೆ. ಕಾನೂನು ಹೇಳಿ ಕಳಿಸಿಬಿಡಿ."

"ಟೀಚರೇ, ಕಾನೂನು ಹೇಳಿ ಹೇಳಿಯೇ ಇವರನ್ನೆಲ್ಲ ಕೊಲ್ಲುತ್ತಿದ್ದೇವೆ. ನನ್ನ ಮಸೂದೆಯೇ ಅದಲ್ಲವಾ, ಒಂದು ವರ್ಷ ಸಾಕು ಅಂತ?" ಎಂದರು. "ಡೆಲ್ಲಿಯಲ್ಲಿ ಹೇಳಿದ್ದನ್ನು ಇಲ್ಲಿ ಹೇಳದಿದ್ದರೆ ನಾನು ಎಂಥ ಸದಸ್ಯೆ?"

ನಾನು ಸಿಟ್ಟಿನಲ್ಲೇ ಅವರ ಹಿಂದೆ ಹೊರಗೆ ಬಂದೆ.

ಗುರಿಕಾರರು ಎದ್ದು ನಿಂತು ಕೇಳಿದರು: "ಹುಡುಗ ಹೋಗಿದ್ದಾನಾ ಮೇಡಂ?"

ಮೇಡಂ ಬೋಟು ಇದ್ದ ಜಾಗ, ಆ ತಿಂಗಳ ಗಾಳಿ, ನೀರಿನ ಹರಿವು ಎಲ್ಲ ಕೇಳಿ ತಿಳಿದುಕೊಂಡರು. ಸದನದಲ್ಲಿ ಮಾತಾಡುವ ಅದೇ ತಣ್ಣಗಿನ, ಸ್ಪಷ್ಟ ಧ್ವನಿಯಲ್ಲಿ, "ಹೋಗಿದ್ದಾನೆ," ಎಂದರು. ಉಚ್ಚಿಲದ ತಾಯಿ ಅಳಲಿಲ್ಲ; ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಕಾರ್ಕಳದ ತಾಯಿ ಅವರ ಕೈ ಹಿಡಿದು, "ಇನ್ನು ನಾವು ಬೀಗರು," ಎಂದರು. ಇಬ್ಬರೂ ನಕ್ಕರು.

ಮದುವೆಗೆ ಮೇಡಂ ಹೋಗಲೇಬೇಕಾಯಿತು, ನಾನೂ ಹೋದೆ. ಉಚ್ಚಿಲದಲ್ಲಿ ಆ ದಿನ ಮಳೆ ಬಿಟ್ಟೂ ಬಿಡದ ಹಾಗಿತ್ತು. ಹೆದ್ದಾರಿಯ ಲಾರಿಗಳ ಸದ್ದು, ಆಚೆಗೆ ಕಡಲಿನ ಸದ್ದು. ಒಳಗೆ ಕಾಲಿಡಬೇಕು ಎನ್ನುವಷ್ಟರಲ್ಲಿ ಒಬ್ಬಾಕೆ ಅಡ್ಡ ಬಂದು, "ಟೀಚರ್, ನಿಮಗೆ ಮದುವೆ ಆಗ್ಲಿಲ್ಲ ಅಲ್ವಾ? ನೀವು ಹೊರಗೆ ಕೂತ್ಕೊಳ್ಳಿ," ಎಂದರು. ಮದುವೆಯಾಗದವರು ಕುಲೆಗಳ ಮದುವೆ ನೋಡಬಾರದು. ಐವತ್ತು ದಾಟಿದ ನನ್ನನ್ನು ಜಗಲಿಯಲ್ಲಿ ಮೂಗು ಸೋರುವ ಮಕ್ಕಳ ಜೊತೆ ಕೂರಿಸಿದರು. ಸತ್ತವರಿಗೂ ಗಂಡು ಸಿಕ್ಕಿತು, ನನಗಿಲ್ಲ ಎಂದು ಒಳಗೊಳಗೇ ಉರಿದೆ.

ಹಾಗಾಗಿ ಆ ಮದುವೆಯನ್ನು ನಾನು ನೋಡಿಲ್ಲ, ಕೇಳಿದ್ದು ಮಾತ್ರ. ಎರಡು ಕುರ್ಚಿಗಳಿಗೆ ಪಂಚೆ, ಹಸಿರು ಸೀರೆ ಉಡಿಸಿ ಕೂರಿಸಿದ್ದಾರೆ ಎಂದು ಗೊತ್ತಿತ್ತು. ಬಳೆಯ ಸದ್ದು ಬಂತು. "ನಾಚಿಕೆ ಎಂತಕ್ಕೆ ಮಗಾ, ಮುಖ ಎತ್ತು," ಎಂದು ಯಾರೋ ಹೆಣ್ಣಿಗೆ ಹೇಳಿದರು. ಹೆಂಗಸರು ನಕ್ಕರು, ಎಲ್ಲ ಮದುವೆಮನೆಯ ಹಾಗೆಯೇ. ಆಮೇಲೆ ಸ್ವಲ್ಪ ಗೊಂದಲವಾಯಿತು. ಗಂಡಿನ ಕುರ್ಚಿಗೆ ಹಾಕಿದ ಹಾರ ನಿಲ್ಲುತ್ತಿರಲಿಲ್ಲವಂತೆ, ಹಾಕಿದ ಹಾಗೆ ಜಾರಿ ಬೀಳುತ್ತಿತ್ತು. "ಹುಡುಗಿ ಬಂದಿದ್ದಾಳೆ. ಹುಡುಗ ಬರಲಿಲ್ಲ," ಎಂದು ಒಂದು ಮುದಿ ದನಿ ಹೇಳಿತು. ಗುರಿಕಾರರು ಸಮಾಧಾನದಲ್ಲಿ, "ದೂರ ಉಂಟಲ್ಲ, ಬರ್ತಾನೆ. ಅವಳೇ ಕರ್ಕೊಂಡು ಬರ್ತಾಳೆ. ಧಾರೆ ಎರೀರಿ," ಎಂದರು.

ವಾಪಸು ಬರುವಾಗ ಕಾಪು ದಾಟಿದ ಮೇಲೆ ಮೇಡಂ, "ನೀವು ಆ ಹಾರ ನೋಡಬೇಕಿತ್ತು," ಎಂದರು. ಕುರ್ಚಿಯ ಬೆನ್ನು ನುಣುಪಾಗಿದ್ದರೆ ಹಾರ ಜಾರುತ್ತದೆ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಮುಂದಿನ ಅಧಿವೇಶನದಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಮಸೂದೆ ಚರ್ಚೆಗೆ ಬಂತು. ಮೇಡಂ ಊರಿನ ಗುರುತು ಕೊಡದೆ ಆ ತಾಯಿಯ ಕಥೆ ಹೇಳಿದರು. ಅರ್ಧ ಖಾಲಿಯಿದ್ದ ಸದನ ಉಸಿರು ಬಿಗಿಹಿಡಿದು ಕೇಳಿತು. ಮಸೂದೆ ಪಾಸಾಗಲಿಲ್ಲ, ಅಂಥವು ಪಾಸಾಗುವುದೂ ಇಲ್ಲ. ಆದರೆ ಆ ಭಾಷಣದಿಂದ ಮೇಡಂ ಹೆಸರು ದೊಡ್ಡದಾಯಿತು. ಉಚ್ಚಿಲದ ಮಗಳಿಗೆ ಮದುವೆಯಾಯಿತು. ಕಾರ್ಕಳದ ಮನೆಯಲ್ಲಿ ಕಿರಿಯ ಹುಡುಗಿಗೆ ಸಂಬಂಧ ಕುದುರಿತು. ಕನಸುಗಳು ನಿಂತವು. ಎಲ್ಲ ಸರಿಹೋಯಿತು ಎಂದು ನಾನೇ ಒಪ್ಪಿಕೊಂಡಿದ್ದೆ.

ಆಮೇಲೆ ಎರಡು ಮಳೆಗಾಲ ಕಳೆದು ಅವನು ಬಂದ.

ದೆವ್ವವಾಗಿ ಅಲ್ಲ, ಮೈಕೈ ತುಂಬಿಕೊಂಡು, ಮುಂಬೈ ರೈಲಿನಲ್ಲಿ. ಬಿದ್ದವನನ್ನು ಬೇರೆ ದೇಶದ ಒಂದು ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು, ಎತ್ತಿಕೊಂಡಿತ್ತು. ಗುರುತಿನ ಕಾಗದವಿಲ್ಲದವನನ್ನು ಅಲ್ಲಿ ಜೈಲಿಗೆ ಹಾಕಿದರು. ಫೋನ್ ಕಡಲಲ್ಲಿ, ನಂಬರುಗಳೆಲ್ಲ ಫೋನಿನಲ್ಲಿ. ಸರಕಾರಗಳು ಪರಸ್ಪರ ಬಂದಿಗಳನ್ನು ಬಿಡುವಾಗ ಮೀನುಗಾರರ ಒಂದು ಗುಂಪಿನ ಜೊತೆ ಇವನನ್ನೂ ಬಿಟ್ಟರು. ಸುದ್ದಿ ಕೇಳಿ ಮೇಡಂ ಹಳೆಯ ಲೆಕ್ಕವನ್ನೆಲ್ಲ ಮತ್ತೊಮ್ಮೆ ಹಾಕಿ ನೋಡಿದರು. ಅವರ ಎಲ್ಲ ಲೆಕ್ಕ ಸರಿಯಾಗಿಯೇ ಇತ್ತು. ಆ ದಾರಿಯಲ್ಲಿ ಒಂದು ಮಂಜಿ ಬರಬಹುದು ಎಂಬುದು ಮಾತ್ರ ಲೆಕ್ಕದಲ್ಲಿ ಇರಲಿಲ್ಲ.

ಕೆಲವು ವಾರಗಳ ಮೇಲೆ ತಾಯಿ ಮಗನನ್ನು ಕರೆದುಕೊಂಡು ಮಣಿಪಾಲದ ಮನೆಗೆ ಬಂದರು. ಅವನು ಸೋಫಾದ ಒಂದು ತುದಿಗೆ ಸರಿದು ಕುಳಿತ. ಚಹಾ ಕೊಟ್ಟರೆ ತೆಗೆದುಕೊಂಡು, ಪಕ್ಕಕ್ಕೆ ಒಮ್ಮೆ ನೋಡಿ ಆಮೇಲೆ ಕುಡಿದ. ಕೇಳಿದ್ದಕ್ಕೆ ಹೂಂ, ಇಲ್ಲ. ಅವನು ತೋಟದ ಕಡೆ ಹೋದ ಮೇಲೆ ತಾಯಿ ದನಿ ತಗ್ಗಿಸಿದರು.

"ಬಂದ ದಿನ ಕಾಲು ತೊಳೆದು ಒಳಗೆ ಬಂದವನು ಫಸ್ಟು ಕೇಳಿದ್ದು ಎಂತ ಗೊತ್ತುಂಟಾ ಮೇಡಂ? ‘ಅವಳು ಎಲ್ಲಿ’ ಅಂತ. ಯಾರು ಮಗಾ ಅಂದೆ. ‘ಹಸಿರು ಸೀರೆ’ ಅಂದ. ನಾವು ಯಾರೂ ಅವನಿಗೆ ಮದುವೆ ವಿಷಯ ಹೇಳಿಯೇ ಇರಲಿಲ್ಲ."

ಯಾರೋ ಹೇಳಿರುತ್ತಾರೆ ಎಂದೆ ನಾನು. ಮುಂಬೈಯಿಂದ ಕರೆತಂದ ನೆಂಟರು, ಬೋಟಿನವರು. ಈ ಊರಿನಲ್ಲಿ ಯಾವ ಗುಟ್ಟು ಉಳಿದಿದೆ? ಹೇಳುವಾಗ ನನ್ನ ದನಿ ಯಾಕೋ ಗಟ್ಟಿಯಾಗಿತ್ತು.

"ಇರಬಹುದು ಟೀಚರ್. ಆದ್ರೆ ರಾತ್ರಿ ಚಾಪೆಯ ಅರ್ಧಕ್ಕೆ ಮಾತ್ರ ಮಲಗುತ್ತಾನೆ. ಒಂದು ಹುಡುಗಿ ನೋಡುವ ಅಂದ್ರೆ ಯಾರೂ ಕೊಡುವುದಿಲ್ಲ, ಅವನಿಗೆ ಮದುವೆ ಆಗಿದೆ ಅಂತಾರೆ. ಅವಳು ಇವನನ್ನು ಆಚೆ ಕರ್ಕೊಂಡು ಹೋಗ್ತಾಳೆ ಅಂತ ನನಗೆ ಹೆದರಿಕೆ." ತಾಯಿ ಮೇಡಂ ಅವರ ಕಾಲ ಹತ್ತಿರ ಕುಳಿತುಬಿಟ್ಟರು. "ಹೋಗಿದ್ದಾನೆ ಅಂತ ಹೇಳಿದ್ದು ನೀವು. ಬಿಡಿಸಿ ಕೊಡುವುದೂ ನೀವೇ."

ಸತ್ತವನೆಂದು ಬರೆದವನನ್ನು ಬದುಕಿದವನೆಂದು ತಿದ್ದಲು ಕಾನೂನಿನಲ್ಲಿ ದಾರಿಯಿದೆ, ಅದು ಮೇಡಂ ಅವರಿಗೆ ಬೆರಳ ತುದಿಯಲ್ಲಿತ್ತು. ಈ ಗಂಟಿಗೆ ಯಾವ ಸಮಿತಿಯೂ ಇಲ್ಲ, ಯಾವ ಮಂತ್ರಿಯೂ ಉತ್ತರಿಸುವುದಿಲ್ಲ. ಆದರೂ ಅವರು ಜಾರಿಕೊಳ್ಳಲಿಲ್ಲ. "ನಡೀರಿ, ಕಾರ್ಕಳಕ್ಕೆ ಹೋಗೋಣ. ಆ ತಾಯಿಯ ಹತ್ತಿರ ನಾನೇ ಕೇಳುತ್ತೇನೆ," ಎಂದರು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಆಗ ಇಳಿಯಿತು.

ಕಾರ್ಕಳದ ಮನೆ ಒಂದು ಬೋಳು ಕಲ್ಲುಗುಡ್ಡದ ಕೆಳಗಿತ್ತು. ಮಧ್ಯಾಹ್ನದ ಬಿಸಿಲಿಗೆ ಬಂಡೆ ಕಾದು, ಗಾಳಿಯೂ ಇರಲಿಲ್ಲ. ಹುಡುಗಿಯ ತಾಯಿ ಅಳಿಯನನ್ನು ಕಂಡು ಸೆರಗು ಸರಿಮಾಡಿಕೊಂಡು ಕಾಲಿಗೆ ನೀರು ಕೊಟ್ಟರು. ಮೇಡಂ ಸುತ್ತುಬಳಸದೆ ಹೇಳಿದರು: ನಾನು ತಪ್ಪು ಹೇಳಿದೆ, ಹುಡುಗ ಬದುಕಿದ್ದಾನೆ, ಬದುಕಿದವನಿಗೆ ಈ ಮದುವೆ ಸಲ್ಲುವುದಿಲ್ಲ, ದಯವಿಟ್ಟು ಬಿಟ್ಟುಕೊಡಿ.

"ಅವಳಿಗೆ ಈಗ ನೆಲೆ ಸಿಕ್ಕಿದೆ ಮೇಡಂ. ಬಿಡುವುದು ಹಿಡಿಯುವುದು ನನ್ನದಲ್ಲ. ಅವಳ ಹತ್ತಿರ ಅಳಿಯನೇ ಕೇಳಲಿ," ಎಂದು ಆ ತಾಯಿ ಒಳಕೋಣೆಯ ಬಾಗಿಲು ತೋರಿಸಿದರು. ಮದುವೆಯ ಸೀರೆ ಉಟ್ಟ ಕುರ್ಚಿ ಅಲ್ಲಿತ್ತಂತೆ. ನಾನು ಜಗಲಿಯಲ್ಲೇ ಉಳಿದೆ. ಈ ಸಲ ಯಾರೂ ಹೇಳಬೇಕಾಗಲಿಲ್ಲ.

ಅವನು ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ನಾವು ನಾಲ್ವರು ಹೆಂಗಸರು ಹೊರಗೆ. ತಗ್ಗಿದ ದನಿಯಲ್ಲಿ ಅವನು ಏನೋ ಹೇಳುತ್ತಿದ್ದ. ನಡುನಡುವೆ ಸುಮ್ಮನಾಗುತ್ತಿದ್ದ. ಒಬ್ಬ ಮನುಷ್ಯ ಮಾತು ನಿಲ್ಲಿಸುವುದಕ್ಕೂ ಎದುರಿನವರ ಮಾತು ಕೇಳುವುದಕ್ಕೂ ವ್ಯತ್ಯಾಸ ಇರುತ್ತದೆ. ಅವನು ಕೇಳುತ್ತಿದ್ದ. ನನಗೆ ಹೆದರಿಕೆಯಾಯಿತು, ಇದನ್ನು ಬರೆಯಲು ಸಂಕೋಚವಿಲ್ಲ. ಉಚ್ಚಿಲದ ತಾಯಿ ನನ್ನ ಮೊಣಕೈಯನ್ನು ಉಗುರು ನಾಟುವ ಹಾಗೆ ಹಿಡಿದಿದ್ದರು. ಒಮ್ಮೆ ಅವನು ಮೆತ್ತಗೆ ನಕ್ಕದ್ದು ಕೇಳಿಸಿತು.

ಹೊರಗೆ ಬಂದವನು ತಾಯಿಯ ಮುಖ ನೋಡಿದ. ಜೈಲಿನಿಂದ ಬಂದ ಮೇಲೆ ಅವನ ಮುಖದಲ್ಲಿ ಅಂಥ ನಿರಾಳ ನಾನು ಕಂಡಿರಲಿಲ್ಲ.

"ಒಪ್ಪುವುದಿಲ್ಲವಂತೆ ಅಮ್ಮ," ಎಂದ. "ಅಲ್ಲಿ ಜೈಲಲ್ಲಿ ನಾನು ಊಟ ಬಿಟ್ಟು ಸಾಯ್ಲಿಕ್ಕೆ ಬಿದ್ದಿದ್ದಾಗ ಅವಳೇ ಬಂದು ಎದ್ರಿಗೆ ಕೂತು ತಿನ್ನಿಸಿದ್ದು. ಈಗ ಬಿಡು ಅಂತ ನಾನು ಹೇಗೆ ಹೇಳುವುದು?"

ಅವನು ಬಾವಿಕಟ್ಟೆಗೆ ಹೋಗಿ ಕೈ ತೊಳೆದು ಬಂದ. ಹುಡುಗಿಯ ತಾಯಿ ಆಗಲೇ ಅಕ್ಕಪಕ್ಕ ಎರಡು ಬಾಳೆ ಎಲೆ ಹಾಕಿ, ಅವನ ಎಲೆಗೆ ಬಡಿಸತೊಡಗಿದ್ದರು. ಉಚ್ಚಿಲದ ತಾಯಿ ನನ್ನ ಮೊಣಕೈ ಬಿಟ್ಟು ಎದ್ದರು. ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಅವರು ನೇರ ಹೋಗಿ ಬೀಗಿತ್ತಿಯ ಕೈಯಿಂದ ಅನ್ನದ ಪಾತ್ರೆ ತೆಗೆದುಕೊಂಡರು. ಖಾಲಿ ಮಣೆಯ ಮುಂದೆ ಬಗ್ಗಿ, ಆ ಎಲೆಗೆ ಅನ್ನ ಹಾಕಿದರು, ಸಾರು ಹಾಕಿದರು. ಅವರ ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು.

"ಇನ್ನು ಸ್ವಲ್ಪ ಹಾಕ್ಲಾ ಮಗಾ?" ಎಂದು ಆ ಮಣೆಯನ್ನು ಕೇಳಿ, ಸೌಟು ಹಿಡಿದುಕೊಂಡು ಕಾದರು.

ಮಗ ತಲೆ ಎತ್ತದೆ ಅನ್ನ ಕಲಸುತ್ತಾ, "ಸಾಕಂತೆ," ಎಂದ.

ತಾಯಿ ಸೌಟನ್ನು ಪಾತ್ರೆಗೆ ಹಾಕಿ ಪಕ್ಕದಲ್ಲಿ ಕುಳಿತರು.